ಮಕ್ಕಳಲ್ಲಿ ವಿದ್ಯೆ ನೆಲೆಗೊಳ್ಳುವ ರೀತಿ

ಮಾರ್ಚಿ ತಿಂಗಳು ಸಮೀಪಿಸಿತೆಂದರೆ ಮಾರಿಕುಪ್ಪಂ, ಚಾಂಪಿಯನ್ ರೀಫ್, ಮೈಸೂರು ಮೈನ್ಸ್ ಮೊದಲಾದ ಸ್ಥಳಗಳ ಲೈನು ಮನೆಗಳಲ್ಲಿಯೂ ಬಂಗಾರಪೇಟೆಯ ಸುತ್ತಲಿನ ಹಳ್ಳಿಗಳಲ್ಲಿಯೂ ನಡುರಾತ್ರಿಯ ವರೆಗೆ ದೀಪ ಉರಿಯುತ್ತಿರುವದನ್ನು ನಾವು ಕಾಣುತ್ತೇವೆ. ಬೀದಿಯಲ್ಲಿ ನಡೆದು ಹೋಗುವವನ ಕಿವಿಗೆ ಒಂದೊಂದು ಮನೆಯಿಂದಲೂ ಒಂದೇ ವಾಕ್ಯವನ್ನು ಹತ್ತಾರು ಸಾರಿ ಉರು ಹೊಡೆಯುವ ಸ್ವರ ಕೇಳಿಬರುವದು. ತಾಯಿ ಕಾಫಿ ಕಾಸಿಕೊಡುತ್ತಾಳೆ. ತಂದೆ ಟೀವಿಯನ್ನು ಆರಿಸಿ ಮೂಲೆಯಲ್ಲಿ ಸುಮ್ಮನೆ ಕೂತಿರುತ್ತಾನೆ. ಈ ಶ್ರದ್ಧೆಯನ್ನು ನಾವು ಹಳಿಯುವದಿಲ್ಲ. ಆದರೆ ಜೂನ್ ತಿಂಗಳಲ್ಲಿ ಅದೇ ಹುಡುಗನನ್ನು ಕರೆದು ಅದೇ ಪಾಠದಲ್ಲಿ ಎರಡು ಪ್ರಶ್ನೆ ಕೇಳಿ ನೋಡಿರಿ. ಮೂರು ತಿಂಗಳ ಹಿಂದೆ ನೀರು ಕುಡಿದ ಹಾಗೆ ಹೇಳಿದವನು ಈಗ ತಲೆ ತುರಿಸಿಕೊಳ್ಳುತ್ತಾನೆ. ಅಷ್ಟು ಕಾಫಿಯೂ ಅಷ್ಟು ನಿದ್ರೆಯೂ ಎಲ್ಲಿ ಹೋದವು? ಈ ತಿಂಗಳ ಪಾಠದಲ್ಲಿ ಇದನ್ನೇ ಕುರಿತು ವಿಚಾರಿಸೋಣ.

ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಮಾಡಲಿಲ್ಲ. ಒಂದು ಕಾಲದಲ್ಲಿ ಈ ಸೀಮೆಯ ಜನರಿಗೆ ವಿದ್ಯೆಯ ಕೊರತೆ ಅಷ್ಟಾಗಿ ತೋರಲಿಲ್ಲ. ತಂದೆ ಗಣಿಯಲ್ಲಿದ್ದರೆ ಮಗನೂ ಗಣಿಗೆ ಇಳಿಯುತ್ತಿದ್ದನು. 2001ನೇ ಇಸವಿ ಫೆಬ್ರವರಿ 28ರಂದು ಆ ಬಾಗಿಲು ಮುಚ್ಚಿತು. ಅಂದಿನಿಂದ ಸಾವಿರಾರು ಮಂದಿ ಬೆಳಗಿನ ಕತ್ತಲಲ್ಲೇ ಎದ್ದು ಬುತ್ತಿ ಕಟ್ಟಿಕೊಂಡು ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುವ ಬಾಳು ನಡಿಸುತ್ತಿದ್ದಾರೆ. ಇತ್ತ ನರಸಾಪುರದಲ್ಲಿ ದೊಡ್ಡ ಕಾರ್ಖಾನೆಗಳು ಬಂದಿವೆ. ಹೋಂಡಾ ಕಂಪೆನಿಯವರು 2013ರಲ್ಲಿ ಅಲ್ಲಿ ಸ್ಕೂಟರುಗಳನ್ನು ಮಾಡಲಾರಂಭಿಸಿದರು. ಇಂಥ ಕಡೆ ಮೊದಲು ಕೇಳುವದು ಎಸ್. ಎಸ್. ಎಲ್. ಸಿ., ಐ. ಟಿ. ಐ., ಡಿಪ್ಲೊಮಾ ಎಂಬ ಕಾಗದವನ್ನೇ. ಆದರೆ ಕಾಗದವು ಬಾಗಿಲು ತೆರೆಯುವದೇ ಹೊರತು ಒಳಗೆ ನಿಲ್ಲಿಸುವದಿಲ್ಲ. ಅಳತೆಪಟ್ಟಿಯನ್ನು ಓದಲಾರದವನಿಗೂ ದಶಮಾಂಶ ತಿಳಿಯದವನಿಗೂ ಯಂತ್ರದ ಮುಂದೆ ಯಾವ ಗೈಡು ಪುಸ್ತಕವೂ ಸಹಾಯಕ್ಕೆ ಬರಲಾರದು.

ಇನ್ನೊಂದು ಸಂಗತಿಯನ್ನು ತಂದೆತಾಯಿಗಳು ಗಮನಿಸತಕ್ಕದ್ದು. ಕೆಳಗಿನ ತರಗತಿಗಳಲ್ಲಿ ಮಕ್ಕಳು ಬಹುಮಟ್ಟಿಗೆ ವರ್ಷ ವರ್ಷವೂ ಮೇಲೇರುತ್ತಾ ಹೋಗುವರು. ಓದಲು ಬಾರದ ಮಗುವೂ ಏರುವದು, ಓದಬಲ್ಲ ಮಗುವೂ ಏರುವದು. ಹೀಗೆ ಏರಿ ಬಂದವರಿಗೆ ಹತ್ತನೇ ತರಗತಿಯೇ ಮೊದಲನೆಯ ಗೋಡೆ. 2023ರಲ್ಲಿ ನಮ್ಮ ರಾಜ್ಯದ ಎಸ್. ಎಸ್. ಎಲ್. ಸಿ. ಪರೀಕ್ಷೆಯಲ್ಲಿ ನೂರಕ್ಕೆ 83.89 ಮಂದಿ ತೇರ್ಗಡೆಯಾದರು. 2024ರಲ್ಲಿ ಪರೀಕ್ಷಾ ಕೊಠಡಿಗಳನ್ನು ಕ್ಯಾಮರಾಗಳ ಮೂಲಕ ದೂರದಿಂದಲೇ ನೋಡುವ ಏರ್ಪಾಡಾಯಿತು. ಆ ವರ್ಷ ಕೃಪಾಂಕವನ್ನು ಹೆಚ್ಚಿಸಿದ ಮೇಲೆಯೂ ತೇರ್ಗಡೆಯಾದವರು 73.40 ಮಾತ್ರ. ಒಂದೇ ವರ್ಷದಲ್ಲಿ ಮಕ್ಕಳೆಲ್ಲರೂ ದಡ್ಡರಾದರೆಂದು ನಾವು ನಂಬುವದಿಲ್ಲ. ತಲೆಯಲ್ಲಿ ಇಲ್ಲದೆ ಇದ್ದದ್ದು ಇಲ್ಲವೆಂದು ಹೊರಗೆ ಕಂಡಿತು, ಅಷ್ಟೇ. ಇದರ ಪೆಟ್ಟು ಬೀಳುವದು ಯಾರ ಮೇಲೆ? ಪೇಟೆಯ ವಕೀಲರ ಮಗನು ಫೇಲಾದರೆ ಅವನಿಗೆ ಇನ್ನೊಂದು ದಾರಿ ಉಂಟು. ನಮ್ಮ ಹಳ್ಳಿಯ ಹುಡುಗಿ ಫೇಲಾದರೆ ವರ್ಷ ತುಂಬುವದರೊಳಗೆ ಮದುವೆಯ ಮಾತು ಏಳುವದು. ಹುಡುಗನಾದರೆ ಕೂಲಿಯ ರೈಲು ಹತ್ತುವನು.

ಈಗ ಮನಸ್ಸು ಪಾಠವನ್ನು ಹಿಡಿದುಕೊಳ್ಳುವ ರೀತಿ ಯಾವದೆಂಬದನ್ನು ನೋಡೋಣ. ಜರ್ಮನಿ ದೇಶದ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಪಂಡಿತನು 1885ರಲ್ಲಿ ಈ ವಿಷಯವಾಗಿ ಒಂದು ಗ್ರಂಥವನ್ನು ಪ್ರಕಟಿಸಿದನು. ಅವನು ಪರೀಕ್ಷೆ ಮಾಡಿದ್ದು ಬೇರೆಯವರನ್ನಲ್ಲ, ತನ್ನನ್ನೇ. ಅರ್ಥವಿಲ್ಲದ ಅಕ್ಷರಗಳ ಸಾಲುಗಳನ್ನು ಬಾಯಿಪಾಠ ಮಾಡಿ, ಸ್ವಲ್ಪ ಕಾಲ ಬಿಟ್ಟು, ಅದೇ ಸಾಲುಗಳನ್ನು ತಿರಿಗಿ ಕಲಿಯುವದಕ್ಕೆ ಎಷ್ಟು ಹೊತ್ತು ಹಿಡಿಯುವದೆಂದು ಲೆಕ್ಕವಿಟ್ಟನು. ಮೊದಲು ಕಲಿತದ್ದರಿಂದ ತಿರಿಗಿ ಕಲಿಯುವಾಗ ದೊರೆತ ಉಳಿತಾಯವು ಒಂದು ಗಂಟೆಯ ತರುವಾಯ ನೂರಕ್ಕೆ 44ರಷ್ಟು, ಒಂದು ದಿನದ ತರುವಾಯ 34ರಷ್ಟು, 31 ದಿನಗಳ ತರುವಾಯ 21ರಷ್ಟು ಮಾತ್ರ ಇತ್ತು. ಅರ್ಥವುಳ್ಳ ಪಾಠವು ಇದಕ್ಕಿಂತ ಹೆಚ್ಚು ಕಾಲ ನಿಲ್ಲುವದು ನಿಜವೇ. ಆದರೂ ಅರ್ಥ ತಿಳಿಯದೆ ಉರು ಹೊಡೆಯುವ ಹುಡುಗನಿಗೆ ವಿಜ್ಞಾನದ ಪಾಠವು ಅರ್ಥವಿಲ್ಲದ ಅಕ್ಷರಗಳ ಸಾಲಿನಂತೆಯೇ ಅಲ್ಲವೇ? ಮರೆವು ಮೊದಲನೆಯ ದಿನದಲ್ಲೇ ಬಹಳಷ್ಟನ್ನು ತಿಂದುಬಿಡುವದು, ಆಮೇಲೆ ಮೆಲ್ಲನೆ ತಿನ್ನುವದು ಎಂಬದನ್ನು ಇಲ್ಲಿ ಗುರುತಿಡಬೇಕು.

ಅದೇ ಪಂಡಿತನು ಕಂಡುಕೊಂಡ ಮತ್ತೊಂದು ಸಂಗತಿ ನಮಗೆ ಇದಕ್ಕಿಂತಲೂ ಉಪಯುಕ್ತವಾದದ್ದು. ಹನ್ನೆರಡು ಅಕ್ಷರಪುಂಜಗಳ ಸಾಲನ್ನು ಒಂದೇ ದಿನ ಬಿಡದೆ 68 ಸಾರಿ ಓದಿದ್ದರಿಂದ ಎಷ್ಟು ಪ್ರಯೋಜನವಾಯಿತೋ, ಮೂರು ದಿನಗಳಿಗೆ ಹಂಚಿಕೊಂಡು 38 ಸಾರಿ ಓದಿದ್ದರಿಂದಲೂ ಅಷ್ಟೇ ಪ್ರಯೋಜನವಾಯಿತು. ಅಂದರೆ ಹಂಚಿ ಓದಿದವನಿಗೆ ಅರ್ಧಕ್ಕೆ ಸಮೀಪವಾದ ದುಡಿಮೆ ಉಳಿಯಿತು. ಬೇಸಾಯ ಮಾಡುವವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ರಾಗಿ ಹೊಲಕ್ಕೆ ಒಂದೇ ದಿನ ಮೂರು ಸಾರಿ ಕುಂಟೆ ಹೊಡೆದು ಮನೆಗೆ ಬಂದು ಮಲಗುವ ರೈತನನ್ನು ಯಾರಾದರೂ ಕಂಡಿದ್ದೀರಾ? ಒಂದು ಸಾರಿ ಹೊಡೆದು ಕೆಲವು ದಿನ ಬಿಡುತ್ತಾನೆ. ಪೈರು ಚೇತರಿಸಿಕೊಂಡು ಕಳೆ ಮತ್ತೆ ತಲೆಯೆತ್ತಿದಾಗ ಇನ್ನೊಂದು ಸಾರಿ ಹೊಡೆಯುತ್ತಾನೆ. ಆ ನಡುವಣ ಬಿಡುವಿನಲ್ಲಿಯೇ ಬೇರು ಇಳಿಯುವದು. ನಮ್ಮ ಕೋಲಾರ ಸೀಮೆಯ ಕೆರೆಗಳನ್ನೂ ನೋಡಿರಿ. ಒಂದೇ ರಾತ್ರಿ ಸುರಿದ ಬಿರುಮಳೆಯಲ್ಲಿ ಕೋಡಿ ಬಿದ್ದು ಹರಿದು ಹೋದ ನೀರು ಯಾರ ಬಾವಿಗೂ ಬರುವದಿಲ್ಲ. 2018ರಿಂದ ಬೆಂಗಳೂರಿನಲ್ಲಿ ಶುದ್ಧೀಕರಿಸಿದ ನೀರನ್ನು ಕೆ. ಸಿ. ವ್ಯಾಲಿ ಯೋಜನೆಯ ಮೂಲಕ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸಲಾರಂಭಿಸಿದರು. ಆ ನೀರಿನ ಗುಣದೋಷಗಳ ಚರ್ಚೆ ಈ ಪಾಠಕ್ಕೆ ಸೇರಿದ್ದಲ್ಲ. ದಿನದಿನವೂ ಬಂದು ಕೆರೆಯಲ್ಲಿ ನಿಂತ ನೀರು ಇಂಗುತ್ತಾ ಹೋದಲ್ಲಿ ಸುತ್ತಲಿನ ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂದದ್ದನ್ನು ಮಾತ್ರ ರೈತರು ಬಲ್ಲರು. ಮಗುವಿನ ತಲೆಯಲ್ಲಿಯೂ ವಿದ್ಯೆ ಇಂಗಬೇಕು. ಇಂಗುವದಕ್ಕೆ ಹೊತ್ತು ಬೇಕು.

ಹಾಗಾದರೆ ದಿನಾಲೂ ಪುಸ್ತಕವನ್ನು ಓದಿಸಿದರೆ ಸಾಕೋ? ಸಾಲದು. ಪುಸ್ತಕ ತೆರೆದುಕೊಂಡು ಕಣ್ಣಾಡಿಸುವ ಮಗುವಿಗೆ ಎಲ್ಲವೂ ಗೊತ್ತಿದ್ದಂತೆಯೇ ತೋರುವದು, ಯಾಕಂದರೆ ಅಕ್ಷರಗಳು ಕಣ್ಣ ಮುಂದೆಯೇ ಇರುತ್ತವೆ. ಮುಚ್ಚಿದಾಗಲೇ ನಿಜ ತಿಳಿಯುವದು. ಅಮೆರಿಕದಲ್ಲಿ ರೋಡಿಗರ್, ಕಾರ್ಪಿಕೆ ಎಂಬ ಇಬ್ಬರು ವಿದ್ವಾಂಸರು 2006ರಲ್ಲಿ ಇದನ್ನು ಪರೀಕ್ಷಿಸಿ ಪ್ರಕಟಿಸಿದರು. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಪಾಠವನ್ನು ನಾಲ್ಕಾವರ್ತಿ ಓದಿದರು. ಮತ್ತೊಂದು ಗುಂಪಿನವರು ಒಂದಾವರ್ತಿ ಮಾತ್ರ ಓದಿ, ಮಿಕ್ಕ ಮೂರಾವರ್ತಿಯಲ್ಲಿ ಪಾಠವನ್ನು ನೋಡದೆ ನೆನಪಿಗೆ ಬಂದದ್ದನ್ನು ಬರೆದರು. ಐದು ನಿಮಿಷಗಳ ತರುವಾಯ ಕೇಳಿದಾಗ ನಾಲ್ಕು ಸಾರಿ ಓದಿದವರೇ ಮುಂದಿದ್ದರು. ಅವರು ನೂರಕ್ಕೆ 83ರಷ್ಟು ಹೇಳಿದರೆ ಇವರು 71ರಷ್ಟು ಹೇಳಿದರು. ಒಂದು ವಾರ ಕಳೆದ ಮೇಲೆ ಕೇಳಿದಾಗ ಓದಿದವರಲ್ಲಿ 40, ನೆನೆಸಿ ಬರೆದವರಲ್ಲಿ 61 ಉಳಿದಿತ್ತು. ಉರು ಹೊಡೆಯುವದನ್ನು ಮಕ್ಕಳು ಯಾಕೆ ಬಿಡುವದಿಲ್ಲವೆಂಬದಕ್ಕೆ ಉತ್ತರವು ಇಲ್ಲಿಯೇ ಇದೆ. ಅದು ನಾಳೆಯ ಮಟ್ಟಿಗೆ ಕೆಲಸ ಮಾಡುವದು. ನಾಡಿದ್ದಿಗೆ ಕೈಕೊಡುವದು.

ಇನ್ನು ಮನೆಯ ಸಂಗತಿಗೆ ಬರೋಣ. ನಾವು ಸಂಜೆಯಲ್ಲಿ ಮನೆಗಳನ್ನು ಸಂದರ್ಶಿಸುವಾಗ ತಾಯಂದಿರು ಮತ್ತೆ ಮತ್ತೆ ಹೇಳುವ ಮಾತು ಒಂದೇ: "ಅಯ್ಯನವರೇ, ನನಗೆ ಅಕ್ಷರ ಬಾರದು, ನಾನು ಏನು ಹೇಳಿಕೊಡಲಿ?" ಅಮ್ಮಾ, ನೀನು ಹೇಳಿಕೊಡಬೇಕಾಗಿಲ್ಲ, ಕೇಳಿದರೆ ಸಾಕು. ಮುದ್ದೆ ತೊಳಸುತ್ತಿರುವಾಗಲೇ ಮಗುವನ್ನು ಹತ್ತಿರ ಕೂರಿಸಿ, ಪುಸ್ತಕವನ್ನು ನಿನ್ನ ಮಗ್ಗುಲಲ್ಲಿ ಇಟ್ಟುಕೊಂಡು, "ಇವೊತ್ತು ಇಸ್ಕೂಲಿನಲ್ಲಿ ಏನು ಹೇಳಿದರು? ಪುಸ್ತಕ ನೋಡದೆ ಹೇಳು" ಎಂದು ಕೇಳು. ಮಗು ತಡವರಿಸಿದರೆ ಬೈಯಬೇಡ. ಆ ತಡವರಿಕೆಯಲ್ಲಿಯೇ ಕಲಿಯುವ ಕೆಲಸ ನಡೆಯುವದು. ಹೇಳಿಯಾದ ಮೇಲೆ ಪುಸ್ತಕವನ್ನು ಅದರ ಕೈಗೆ ಕೊಟ್ಟು, ಬಿಟ್ಟುಹೋದದ್ದು ಯಾವದು, ತಪ್ಪಿದ್ದು ಯಾವದು ಎಂದು ಅದೇ ನೋಡಿಕೊಳ್ಳಲಿ. ಮಾರನೆಯ ದಿನ ನಿನ್ನೆಯದನ್ನೂ ಎರಡು ಮಾತಿನಲ್ಲಿ ಕೇಳು. ಭಾನುವಾರ ವಾರದ ಪಾಠಗಳಿಂದ ನಾಲ್ಕೈದನ್ನು ಕೇಳು. ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕಾಗುವದು. ರೈಲಿನಲ್ಲಿ ಹೋಗಿ ಬರುವ ತಂದೆಯು ಊಟಕ್ಕೆ ಕೂತಾಗ ಇದನ್ನು ಮಾಡಬಹುದು. ಭಾನುವಾರವಂತೂ ಯಾವ ನೆವವೂ ಇಲ್ಲ.

ಇಲ್ಲಿ ನಮ್ಮ ಸೀಮೆಗೆ ಒಂದು ವಿಶೇಷವಾದ ಅನುಕೂಲವೂ ಉಂಟು. ಮೈನ್ಸಿನ ಮನೆಗಳಲ್ಲಿ ತಮಿಳು, ಬಂಗಾರಪೇಟೆಯ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ತೆಲುಗು, ಪಾಠಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷು. ಇದನ್ನು ಕೆಲವರು ದೊಡ್ಡ ತೊಡಕೆಂದು ಎಣಿಸುತ್ತಾರೆ. ನಮಗಾದರೋ ಇದು ಒಳ್ಳೇ ಒರೆಗಲ್ಲಾಗಿ ತೋರುತ್ತದೆ. ಗಿಡವು ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಬಗೆಯನ್ನು ಕನ್ನಡದಲ್ಲಿ ಓದಿದ ಮಗು ಅದನ್ನು ಅಜ್ಜಿಗೆ ತೆಲುಗಿನಲ್ಲಿ ಹೇಳಬಲ್ಲದಾದರೆ ಅದಕ್ಕೆ ಪಾಠ ಅರ್ಥವಾಗಿದೆ. ಉರು ಹೊಡೆದವನು ಇದನ್ನು ಮಾಡಲಾರನು, ಯಾಕಂದರೆ ಅವನಲ್ಲಿರುವದು ಮಾತು, ಸಂಗತಿಯಲ್ಲ.

ಸ್ವಲ್ಪ ದೊಡ್ಡ ಮಕ್ಕಳಿಗೆ ಚೀಟಿಯ ಉಪಾಯವನ್ನು ಕಲಿಸಬಹುದು. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಿಕೋದ್ಯಮಿಯು ಜರ್ಮನ್ ಭಾಷೆಯ ಪುಸ್ತಕದಲ್ಲಿ ಇದನ್ನು ಪ್ರಸಿದ್ಧಿಪಡಿಸಿದನು. ಇದಕ್ಕೆ ದುಡ್ಡು ಬೇಕಾಗುವದಿಲ್ಲ. ಕಳೆದ ವರ್ಷದ ಕ್ಯಾಲೆಂಡರಿನ ಹಾಳೆಗಳನ್ನು ಚೀಟಿಗಳಾಗಿ ಕತ್ತರಿಸಿ, ಒಂದು ಮಗ್ಗುಲಲ್ಲಿ ಪ್ರಶ್ನೆಯನ್ನೂ ಬೆನ್ನಿನಲ್ಲಿ ಉತ್ತರವನ್ನೂ ಬರೆಯಲಿ. ಅಚ್ಚಾದ ಮಗ್ಗುಲು ಅಡ್ಡ ಬಂದರೆ ಎರಡು ಚೀಟಿಗಳನ್ನು ಅಂಟಿಸಿಕೊಳ್ಳಲಿ. ಮೂರು ಹಳೇ ಡಬ್ಬಗಳಿರಲಿ. ಹೊಸ ಚೀಟಿಗಳೆಲ್ಲಾ ಮೊದಲನೆಯ ಡಬ್ಬದಲ್ಲಿ. ಅದನ್ನು ದಿನಾಲೂ ತೆಗೆದು ಕೇಳಿಕೊಳ್ಳಬೇಕು. ಸರಿಯಾಗಿ ಹೇಳಿದ ಚೀಟಿ ಎರಡನೆಯ ಡಬ್ಬಕ್ಕೆ ಹೋಗಲಿ. ಅದನ್ನು ವಾರಕ್ಕೆರಡು ಸಾರಿ ನೋಡಿದರೆ ಸಾಕು. ಅಲ್ಲಿಯೂ ಸರಿಯಾದರೆ ಮೂರನೆಯದಕ್ಕೆ; ಅದನ್ನು ಹದಿನೈದು ದಿನಕ್ಕೊಮ್ಮೆ. ಎಲ್ಲಿ ತಪ್ಪಿದರೂ ಆ ಚೀಟಿ ಪುನಃ ಮೊದಲನೆಯ ಡಬ್ಬಕ್ಕೆ ಇಳಿಯುವದು. ಬಂದದ್ದನ್ನೇ ಮತ್ತೆ ಮತ್ತೆ ಓದಿ ಸಂತೋಷಪಡುವ ಚಾಳಿ ಎಲ್ಲಾ ಮಕ್ಕಳಿಗೂ ಉಂಟು, ದೊಡ್ಡವರಿಗೂ ಉಂಟು. ಈ ಡಬ್ಬಗಳು ಆ ಚಾಳಿಯನ್ನು ಬಿಡಿಸುತ್ತವೆ.

ಲೆಕ್ಕದ ಸಂಗತಿಯನ್ನು ಬೇರೆಯಾಗಿ ಹೇಳಬೇಕು, ಯಾಕಂದರೆ ನಮ್ಮ ಮಕ್ಕಳಲ್ಲಿ ಬಹಳ ಮಂದಿ ಎಡವುವದು ಅಲ್ಲಿಯೇ. ಚರಿತ್ರೆಯ ಒಂದು ಪಾಠ ಬಾರದಿದ್ದರೆ ಆ ಪಾಠ ಮಾತ್ರ ಹೋಯಿತು. ಲೆಕ್ಕ ಹಾಗಲ್ಲ, ಕೆಳಗಿನ ವರಸೆಯ ಕಲ್ಲು ಸಡಿಲವಾದರೆ ಮೇಲಿನದು ನಿಲ್ಲದು. ಗಣಿಯಲ್ಲಿ ದುಡಿದ ಹಿರಿಯರು ಇದನ್ನು ಚೆನ್ನಾಗಿ ತಿಳಿಯುವರು. ಜಾನ್ ಟೇಲರ್ ಕಂಪೆನಿಯವರು ಇಲ್ಲಿ ಕೆಲಸ ಹಿಡಿದದ್ದು 1880ರಲ್ಲಿ. ಚಾಂಪಿಯನ್ ರೀಫ್ ಗಣಿಯು ಸುಮಾರು 3,200 ಮೀಟರು ಆಳಕ್ಕೆ ಇಳಿಯುವದಕ್ಕೆ ತಲೆಮಾರುಗಳೇ ಹಿಡಿದವು. ಅದಿರು ತೆಗೆದು ಬರಿದಾದ ಕಡೆ ಆಸರೆ ಕೊಟ್ಟಲ್ಲದೆ ಮುಂದಕ್ಕೆ ಹೋಗುವಂತಿರಲಿಲ್ಲ. ಆಸರೆ ಇದ್ದಾಗಲೂ ಬಂಡೆ ಸಿಡಿಯುತ್ತಿತ್ತು. ಏರ್ ಬ್ಲಾಸ್ಟ್ ಎಂದು ಅವರು ಕರೆಯುತ್ತಿದ್ದ ಆ ಸದ್ದಿಗೆ ಮೇಲಿನ ಮನೆಗಳ ಪಾತ್ರೆಗಳು ಅಲುಗಿದ್ದನ್ನು ಈಗಲೂ ಹೇಳುವ ಅಜ್ಜಿಯರಿದ್ದಾರೆ. ನಾಲ್ಕನೇ ತರಗತಿಯಲ್ಲಿ ಭಿನ್ನರಾಶಿಯು ಕೈಗೆ ಹತ್ತದ ಮಗುವಿಗೆ ಏಳರಲ್ಲಿ ಶೇಕಡಾ ಲೆಕ್ಕ ತಿಳಿಯದು, ಎಂಟರಲ್ಲಿ ಬೀಜಗಣಿತ ತಿಳಿಯದು. ಹತ್ತರಲ್ಲಿ ಅದು ಮಾಡಬಹುದಾದದ್ದೆಂದರೆ ಲೆಕ್ಕವನ್ನು ಕವಿತೆಯಂತೆ ಬಾಯಿಪಾಠ ಮಾಡಿ, ಸಂಖ್ಯೆ ಬದಲಾದ ಕೂಡಲೇ ಕಂಗೆಡುವದು.

ಇಂಥ ಮಗುವನ್ನು ಏನು ಮಾಡಬೇಕು? ನಾಚಿಕೆಪಡದೆ ಕೆಳಕ್ಕೆ ಕರಕೊಂಡು ಹೋಗಬೇಕು. ಎಂಟನೇ ತರಗತಿಯ ಹುಡುಗನಿಗೆ ನಾಲ್ಕನೇ ತರಗತಿಯ ಪುಸ್ತಕವನ್ನು ಕೊಟ್ಟರೆ ಅಕ್ಕಪಕ್ಕದವರು ನಗುವರೆಂದು ತಂದೆತಾಯಿಗಳು ಹಿಂಜರಿಯುತ್ತಾರೆ. ನಗುವವರು ನಗಲಿ. ಟೊಮೆಟೊ ಮಂಡಿಗೆ ಹೋಗುವ ತಂದೆ ಮಗನನ್ನು ಜೊತೆಯಲ್ಲಿ ಕರಕೊಂಡು ಹೋಗಿ ಕೇಳಲಿ: 15 ಕಿಲೋ ಕ್ರೇಟಿಗೆ 600 ರೂಪಾಯಿ ಆದರೆ ಕಿಲೋಗೆ ಎಷ್ಟು? ಹತ್ತು ಕ್ರೇಟಿಗೆ ಎಷ್ಟು? ಕಮಿಷನ್ ನೂರಕ್ಕೆ ಇಷ್ಟೆಂದು ಹಿಡಿದರೆ ಕೈಗೆ ಬರುವದೆಷ್ಟು? ಇದೇ ಭಾಗಾಕಾರ, ಇದೇ ಶೇಕಡಾ. ಒಂದೇ ಬಗೆಯ ಲೆಕ್ಕವನ್ನು ಇಪ್ಪತ್ತು ಸಾರಿ ಮಾಡಿಸುವದಕ್ಕಿಂತ ಹಳೆಯದನ್ನೂ ಹೊಸದನ್ನೂ ಬೆರಸಿ ಕೊಡುವದು ಉತ್ತಮ. ಪರೀಕ್ಷೆಯಲ್ಲಿ ಲೆಕ್ಕದ ಮೇಲೆ ಅದು ಯಾವ ಬಗೆಯದೆಂದು ಬರೆದಿರುವದಿಲ್ಲವಲ್ಲ. ಗುರುತಿಸುವದೇ ಅರ್ಧ ಕೆಲಸ.

ಇದನ್ನೆಲ್ಲಾ ಓದಿ, ಬಾಯಿಪಾಠವೇ ಕೆಟ್ಟದ್ದೆಂದು ನಾವು ಹೇಳುತ್ತೇವೆಂದು ಯಾರೂ ತಿಳಿಯಬಾರದು. ಮಗ್ಗಿ, ಕಾಗುಣಿತ, ಅಳತೆ ತೂಕಗಳ ಪಟ್ಟಿ ಇವು ನಾಲಿಗೆಯ ತುದಿಯಲ್ಲಿರಲೇಬೇಕು. ಏಳೆಂಟಲ ಐವತ್ತಾರನ್ನು ಬೆರಳು ಮಡಿಸಿ ಎಣಿಸುವವನು ದೊಡ್ಡ ಲೆಕ್ಕದ ದಾರಿಯನ್ನು ನಡುವೆಯೇ ಮರೆತುಬಿಡುವನು. ಹಿಂದಿನ ಕೂಲಿಮಠಗಳಲ್ಲಿ ಐಗಳು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪ್ರತಿದಿನ ಸಂಜೆ ಮಗ್ಗಿ ಹೇಳಿಸುತ್ತಿದ್ದರು. ಅವರ ಬೆತ್ತ ನಮಗೆ ಬೇಡ. ದಿನದಿನವೂ ತಪ್ಪದೆ, ಪುಸ್ತಕವಿಲ್ಲದೆ ಹೇಳಿಸುವ ಆ ವಾಡಿಕೆ ಬೇಕು. ಇತ್ತಲಾಗಿ ನಮ್ಮ ಸರಕಾರಿ ಶಾಲೆಗಳ ಕೆಳಗಿನ ತರಗತಿಗಳಲ್ಲಿ ನಲಿ ಕಲಿ ಎಂಬ ಪದ್ಧತಿ ಬಂತು. ಅದು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದದ್ದು. ಅದರ ಮಾದರಿಯನ್ನು ಉಪಾಧ್ಯಾಯರು ನೋಡಿಬಂದದ್ದು ನಮ್ಮ ಗಡಿಯಾಚೆ ಮದನಪಲ್ಲಿಯ ಬಳಿಯ ಋಷಿವ್ಯಾಲಿಯಲ್ಲಿ. ಅದರಲ್ಲಿ ಮಗು ಒಂದು ಮೆಟ್ಟಲನ್ನು ಸರಿಯಾಗಿ ಹತ್ತಿದ ಮೇಲೆಯೇ ಮುಂದಿನದಕ್ಕೆ ಹೋಗುವದು. ಒಬ್ಬನು ನಿಧಾನವಾಗಿ ಹತ್ತಿದರೆ ಅದು ಅಪರಾಧವಲ್ಲ. ಮಗು ಆಟವಾಡುತ್ತಾ ಕೂತಿದೆ, ಮೇಷ್ಟ್ರು ಏನೂ ಕಲಿಸುವದಿಲ್ಲ ಎಂದು ದೂರುವದಕ್ಕೆ ಮುಂಚೆ, ನಿಮ್ಮ ಮಗು ಈಗ ಯಾವ ಮೆಟ್ಟಲಿನಲ್ಲಿದೆ ಎಂದು ಶಾಲೆಗೆ ಹೋಗಿ ಕೇಳಿರಿ.

ಟ್ಯೂಷನ್ನಿನ ವಿಷಯವಾಗಿ ಒಂದೆರಡು ಮಾತು. ದುಡ್ಡು ಕೊಟ್ಟು ಕಳುಹಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಅಲ್ಲಿ ಮಗು ತಾನೇ ಯೋಚಿಸಿ ಬರೆಯುತ್ತದೋ, ಇಲ್ಲವೆ ಹಲಗೆಯ ಮೇಲಿನ ಉತ್ತರವನ್ನು ನಕಲು ಮಾಡಿಕೊಂಡು ಬರುತ್ತದೋ ಎಂಬದನ್ನು ವಿಚಾರಿಸಿರಿ. ನಕಲು ಮಾಡುವದಾದರೆ ಆ ದುಡ್ಡಿಗೆ ಭಾನುವಾರ ಎಲ್ಲರೂ ಪಾನಿಪುರಿ ತಿಂದು ಬರುವದು ಲೇಸು. ಅದಕ್ಕಾದರೂ ಬಂಗಾರಪೇಟೆಗೆ ಹೆಸರುಂಟು. ಹೊಡೆದು ಓದಿಸುವವರಿಗೂ ಹೇಳುತ್ತೇವೆ: ಹೆದರಿದ ಮಗು ಗೊತ್ತಿಲ್ಲವೆಂದು ಹೇಳುವದನ್ನು ಮೊದಲು ಬಿಟ್ಟುಬಿಡುವದು, ಗೊತ್ತಿಲ್ಲವೆಂದು ಹೇಳದ ಮಗುವಿಗೆ ಕಲಿಸುವದು ಯಾರಿಂದಲೂ ಆಗದು. ನಿದ್ರೆಯನ್ನು ಕಡಿಮೆ ಮಾಡಿಸುವದಂತೂ ಶುದ್ಧ ನಷ್ಟವೇ. ಹಗಲು ಕಲಿತದ್ದು ತಲೆಯಲ್ಲಿ ಗಟ್ಟಿಯಾಗುವ ಕೆಲಸವು ಬಹುಪಾಲು ನಿದ್ರೆಯಲ್ಲಿ ನಡೆಯುವದೆಂದು ಈಗ ವೈದ್ಯಶಾಸ್ತ್ರದವರು ಬಲ್ಲರು.

ಇಷ್ಟರಲ್ಲಿ ಕೆಲವು ತಂದೆತಾಯಿಗಳು, "ನಮ್ಮ ಮಗಳಿಗೆ ಪರೀಕ್ಷೆಗೆ ಇನ್ನು ಎರಡೇ ತಿಂಗಳು, ಈಗ ಏನು ಮಾಡುವದು?" ಎಂದು ಕೇಳಬಹುದು. ಅಂಥವಳಿಗೂ ಮಾರ್ಗ ಉಂಟು. ಎಲ್ಲವನ್ನೂ ಹಿಡಿಯಲು ಹೋಗಬಾರದು. ಪ್ರತಿ ವಿಷಯದಲ್ಲಿಯೂ ತನಗೆ ಅರ್ಧ ತಿಳಿದಿರುವ ಪಾಠಗಳನ್ನು ಉಪಾಧ್ಯಾಯರ ಸಹಾಯದಿಂದ ಗುರುತು ಹಾಕಿಕೊಂಡು, ಅವುಗಳನ್ನು ಮೊದಲು ಗಟ್ಟಿಮಾಡಲಿ. ಏನೂ ತಿಳಿಯದ ಪಾಠಗಳು ಆಮೇಲೆ. ದಿನಕ್ಕೆ ಒಂದೇ ವಿಷಯವನ್ನು ಹಿಡಿದು ಕೂರದೆ ಎರಡು ಮೂರು ವಿಷಯಗಳನ್ನು ಬದಲಾಯಿಸಿಕೊಂಡು, ಪ್ರತಿಯೊಂದನ್ನೂ ಪುಸ್ತಕ ಮುಚ್ಚಿ ಬರೆದು ನೋಡಲಿ. ಮೂರು ದಿನ ಬಿಟ್ಟು ತಿರಿಗಿ ಬರೆಯಲಿ. ಹಳೇ ಪ್ರಶ್ನೆಪತ್ರಿಕೆಯನ್ನು ಗಡಿಯಾರವಿಟ್ಟುಕೊಂಡು ಬರೆದು, ಮೇಷ್ಟ್ರ ಹತ್ತಿರ ತಿದ್ದಿಸಿಕೊಳ್ಳಲಿ. ಹತ್ತು ಗಂಟೆಗೆ ದೀಪ ಆರಿಸಿ ಮಲಗಲಿ. ಹೀಗೆಲ್ಲಾ ಮಾಡಿಯೂ ಒಂದೆರಡು ವಿಷಯ ಉಳಿದುಹೋದರೆ ಬಾಗಿಲು ಮುಚ್ಚಿತೆಂದು ಎಣಿಸಬೇಡಿರಿ. 2024ರಲ್ಲಿ ನಮ್ಮ ರಾಜ್ಯದಲ್ಲಿ ಒಂದೇ ವರ್ಷದಲ್ಲಿ ಪರೀಕ್ಷೆ 1, ಪರೀಕ್ಷೆ 2, ಪರೀಕ್ಷೆ 3 ಎಂದು ಮೂರು ಅವಕಾಶಗಳನ್ನು ಇಟ್ಟರು. ಉಳಿದ ವಿಷಯವನ್ನು ಮುಂದಿನ ಪರೀಕ್ಷೆಯಲ್ಲಿ ಬರೆಯುವದಕ್ಕೆ ಶಾಲೆಯ ಮುಖ್ಯೋಪಾಧ್ಯಾಯರ ಹತ್ತಿರ ಹೆಸರು ಕೊಡಬೇಕು. ಅದಕ್ಕೆ ಗೊತ್ತುಮಾಡಿದ ದಿನಗಳು ಬಹಳ ಕಡಿಮೆ ಇರುವದರಿಂದ, ಫಲಿತಾಂಶ ಬಂದ ಮಾರನೆಯ ದಿನವೇ ಮಗಳನ್ನು ಕರಕೊಂಡು ಶಾಲೆಗೆ ಹೋಗಿರಿ.